ಅಬು ರಾಶಿದರ ತೋಟದ ಕೊನೆಯ ಕಾಗೆ

ಕತಾರಿನಲ್ಲಿ ಏನು ಕೆಲಸ ಎಂದು ಊರಿನಲ್ಲಿ ಕೇಳಿದರೆ ಕಾಗೆ ಓಡಿಸುತ್ತೇನೆ ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ಅಷ್ಟು ದೂರ ವಿಮಾನ ಹತ್ತಿ ಹೋಗಿ ಮಾಡುವ ಕೆಲಸವೇ ಅದು ಎಂದು ನಗುತ್ತಾರೆ. ನಗಲಿ. ಇಲಿ, ಜಿರಳೆ, ಪಾರಿವಾಳ, ಮೈನಾ, ಕಾಗೆ, ಎಲ್ಲಕ್ಕೂ ಇಲ್ಲಿ ಕಾಂಟ್ರ್ಯಾಕ್ಟ್ ಉಂಟು, ಎಲ್ಲಕ್ಕೂ ಬೆವರು ಸುರಿಸುವವನು ಬಾಗಲಕೋಟೆ ಕಡೆಯ ಈ ವೀರೇಂದ್ರ.

ನನ್ನ ಪಾಲಿಗೆ ಬಂದದ್ದು ಅಲ್ ಖೋರ್ ಕಡೆಯ ತೋಟಗಳು. ಅವುಗಳಲ್ಲಿ ಅಬು ರಾಶಿದ್ ಎಂಬ ಅರಬ್ ಹಿರಿಯರ ತೋಟವೂ ಒಂದು. ಖರ್ಜೂರದ ಮರಗಳು, ಟೊಮೆಟೊ, ದೊಡ್ಡದೊಂದು ಕೋಳಿಮನೆ. ಕಾಗೆಗಳು ಮರಿಗಳನ್ನು ಎತ್ತಿಕೊಂಡು ಹೋಗುತ್ತವೆಂದು ನಮ್ಮನ್ನು ಕರೆಸಿದ್ದರು. ಏರ್‌ಗನ್ ಅವರದು, ಲೈಸೆನ್ಸ್ ಅವರದು, ಹೊಡೆಯುವವರೂ ಅವರೇ. ನಮ್ಮಂಥವರು ಕೋವಿ ಮುಟ್ಟುವ ಹಾಗಿಲ್ಲ. ನಾನು ಗೂಡು ಇಳಿಸಬೇಕು, ಬೋನು ಇಡಬೇಕು, ಕೋಳಿಮನೆಗೆ ಬಲೆ ಬಿಗಿಯಬೇಕು, ಆಮೇಲೆ ಅವರ ಪಕ್ಕ ನಿಂತು “ಸ್ವಲ್ಪ ಎಡಕ್ಕೆ” ಎನ್ನಬೇಕು.

ಅವರ ಗುರಿಯೋ, ದೇವರಿಗೇ ಪ್ರೀತಿ. ನೀರಿನ ಟ್ಯಾಂಕಿಗೆ ಮತ್ತೆ ಮತ್ತೆ ತೇಪೆ ಹಾಕಿಸಿದ್ದಾರೆ, ಕಾಗೆಯ ಒಂದು ಪುಕ್ಕವೂ ಉದುರಿಲ್ಲ. ಹಕ್ಕಿಗಳು ಜಾಗ ಖಾಲಿ ಮಾಡಿದ್ದು ನನ್ನ ಬೋನು, ಬಲೆಗಳಿಂದ. ಶಹಬ್ಬಾಸ್‌ಗಿರಿ ಮಾತ್ರ ಕೋವಿಗೆ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಒಂದೇ ಒಂದು ಕಾಗೆ ಉಳಿಯಿತು. ಬಲು ಕಿಲಾಡಿ. ಬೋನಿನ ಮೇಲೆಯೇ ಕೂತು ಕೊಕ್ಕು ಮಸೆಯುತ್ತಿತ್ತು. ನಾನು ಹತ್ತಿರ ಹೋದರೂ ಕ್ಯಾರೇ ಎನ್ನುತ್ತಿರಲಿಲ್ಲ, ಅಬು ರಾಶಿದ್ ಕೋವಿಯ ಚೀಲ ಬಿಚ್ಚಿದರೆ ಮಾತ್ರ ಮಾಯ. ಇಬ್ಬರೂ ಹಟಕ್ಕೆ ಬಿದ್ದಿದ್ದರು.

ಹೀಗಿರುವಾಗ ಮಹಾಲಯ ಅಮಾವಾಸ್ಯೆಯ ದಿನ ಚನ್ನಕೇಶವ ಸಾರ್ ಫೋನ್ ಮಾಡಿದರು. ಮೈಸೂರಿನವರು, ನಮ್ಮ ಕಂಪನಿಯ ಮ್ಯಾನೇಜರ್, ಮನೆ ಅಲ್ ಥುಮಾಮಾದಲ್ಲಿ. ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದವರಲ್ಲ.

“ವೀರೇಂದ್ರ, ಎಲ್ಲಾದ್ರೂ ಒಂದು ಕಾಗೆ ಉಳ್ಕೊಂಡಿದ್ಯಾ?”

ಯಾರೋ ದೂರು ಕೊಟ್ಟಿರಬೇಕೆಂದುಕೊಂಡೆ. “ಇಲ್ರೀ ಸರ್, ಎಲ್ಲಾ ಖಲಾಸ್,” ಎಂದೆ ಜಂಬದಿಂದ.

“ಒಂದೂ ಇಲ್ವಾ?” ದನಿ ಇಳಿದುಹೋಯಿತು. “ಅಪ್ಪನಿಗೆ ಎಡೆ ಇಟ್ಟಿದೀನಿ ಕಣ್ರೀ. ಬೆಳಿಗ್ಗೆಯಿಂದ ಟೆರೇಸ್ ಮೇಲೆ ನಿಂತಿದೀನಿ. ಬರೀ ಪಾರಿವಾಳ ಬರ್ತಿವೆ.”

ನಾನು ಫೋನನ್ನು ದೂರ ಹಿಡಿದು ನಕ್ಕೆ. ನಗದೆ ಏನು ಮಾಡಲಿ? ಕಾಗೆ ಓಡಿಸುವ ಅಭಿಯಾನಕ್ಕೆ ದಿನ ಗೊತ್ತು ಮಾಡಿದವರೇ ಅವರು. ರಜೆ, ರಂಜಾನ್, ಬಿಸಿಲು ಎಲ್ಲ ಲೆಕ್ಕ ಹಾಕಿದರು, ಪಿತೃಪಕ್ಷ ಒಂದನ್ನು ಬಿಟ್ಟು. ಊರೆಲ್ಲ ಕಾಗೆ ಓಡಿಸಿ, ಈಗ ಕಾಗೆಗೆ ಕೈ ಮುಗಿದು ನಿಂತಿದ್ದರು.

“ಅಪ್ಪ ಬಸ್ ಕಂಡಕ್ಟರ್ ಆಗಿದ್ರು,” ಎಂದರು ಸಾರ್, ನಾನು ಕೇಳದಿದ್ದರೂ. “ಹಸಿವು ತಡೀತಿರಲಿಲ್ಲ. ಡ್ಯೂಟಿ ಮುಗಿಸಿ ಬಂದ್ರೆ ಚಪ್ಪಲಿ ಬಿಡೋಕ್ಮುಂಚೆ ತಟ್ಟೆ ಕೇಳೋರು. ಕೊನೇ ತಿಂಗಳು ಆಸ್ಪತ್ರೇಲಿ ಏನೂ ತಿನ್ನೋ ಹಾಗಿರಲಿಲ್ಲ. ಹಸ್ಕೊಂಡೇ ಹೋದ್ರು. ಇವತ್ತೂ ಹಸ್ಕೊಂಡೇ ಹೋಗ್ಬಿಟ್ರೆ?”

ನನ್ನ ನಗು ಅಲ್ಲೇ ನಿಂತಿತು. ನಾಚಿಕೆಯಾಯಿತು. “ಒಂದ್ ಐತ್ರೀ ಸರ್. ಆದ್ರ ಅದು ಅಬು ರಾಶಿದ್ ಅವರ ತ್ವಾಟದಾಗ ಐತಿ. ಲಗೂನ ಬರ್ರಿ.”

ಮಧ್ಯಾಹ್ನದ ಊಟವಾದ ಮೇಲೆ ಅಬು ರಾಶಿದ್ ಒಳ್ಳೆಯ ನಿದ್ದೆ ಹೊಡೆಯುವವರು. ಅವರು ಏಳುವುದರೊಳಗೆ ಕೆಲಸ ಮುಗಿಯುತ್ತದೆ, ಹೇಳಿ ಕೇಳಿ ಯಾಕೆ ರಗಳೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಸಾರ್ ಬಂದರು. ಪಂಚೆ, ಶಲ್ಯ, ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಅವರ ಮನೆಯವರು ರತ್ನಪ್ರಭಾ ಮೇಡಂ ಎಲ್ಲವನ್ನೂ ಮತ್ತೆ ಬಿಸಿಯಾಗಿ ಮಾಡಿ ಕಳಿಸಿದ್ದರು. ಪಂಪ್‌ಹೌಸಿನ ಹಿಂದಿನ ಸಿಮೆಂಟ್ ಕಟ್ಟೆಯ ಮೇಲೆ ಎಲೆ ಹಾಸಿ ಅನ್ನ, ಹುಳಿ, ಪಾಯಸ, ವಡೆ ಬಡಿಸಿದರು. ದೂರ ನಿಂತು, “ಬನ್ನಿ ಅಪ್ಪಾ,” ಎಂದರು. ಮ್ಯಾನೇಜರ್ ಬಾಯಲ್ಲಿ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ.

ಕಾಗೆ ಖರ್ಜೂರದ ಗರಿಯ ಮೇಲೆ ಕಾಣಿಸಿಕೊಂಡಿತು. ನಮ್ಮನ್ನು ನೋಡಿತು, ಎಲೆಯನ್ನು ನೋಡಿತು, ತಲೆ ಓರೆ ಮಾಡಿ ತುಂಬ ಹೊತ್ತು ಸತಾಯಿಸಿತು. ಆಮೇಲೆ ಕಟ್ಟೆಗೆ ಇಳಿಯಿತು.

ಅದೇ ಹೊತ್ತಿಗೆ ಹಿಂದಿನಿಂದ ಪಿಸುಮಾತು ಕೇಳಿತು. “ಶೂಫ್, ಶೂಫ್. ನೋಡು, ಕೂತಿದೆ.”

ಅಂದು ಬೇಗ ಎದ್ದುಬಿಟ್ಟಿದ್ದ ಅಬು ರಾಶಿದ್ ಕೋವಿಯನ್ನು ಮನೆಯಲ್ಲೇ ಚೀಲದಿಂದ ಹೊರತೆಗೆದುಕೊಂಡು ಬಂದಿದ್ದರು. ಅಲ್ಲೇ ನಿಂತಿದ್ದ ಟ್ರ್ಯಾಕ್ಟರಿನ ಬಾನೆಟ್ ಮೇಲೆ ನಳಿಗೆ ಊರಿ ಒಂದು ಕಣ್ಣು ಮುಚ್ಚಿದರು. ಅಷ್ಟು ಹತ್ತಿರದಿಂದ ಅವರಿಗೂ ಗುರಿ ತಪ್ಪುವಂತಿರಲಿಲ್ಲ. ಕೂಗಿದರೆ ಕಾಗೆ ಹಾರುತ್ತದೆ, ಸುಮ್ಮನಿದ್ದರೆ ಸಾಯುತ್ತದೆ.

ಚನ್ನಕೇಶವ ಸಾರ್ ಕೂಗಲಿಲ್ಲ. ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಿಂದ ಎದ್ದು ಬರುವವರ ಹಾಗೆ ನಡೆದು ಬಂದು, ಕೋವಿಗೂ ಕಾಗೆಗೂ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟರು. ಕಾಗೆ ಓಡಿಸುವ ಕಂಪನಿಯ ಮ್ಯಾನೇಜರ್! ನಳಿಗೆ ನೇರ ಅವರ ಹೊಟ್ಟೆಗಿತ್ತು.

“ಹಾದಾ ಅಬೂಯ್,” ಎಂದರು. ಇವರು ನನ್ನ ತಂದೆ ಎಂದು. ಅವರಿಗೆ ಬರುತ್ತಿದ್ದ ಅರಬ್ಬಿಯೇ ಅಷ್ಟು.

ಅಬು ರಾಶಿದ್ ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ತೊದಲುತ್ತ, ಅವರಿಗೆ ತಿಳಿಯುವ ಹಿಂದಿಯಲ್ಲಿ ವಿವರಿಸಿದೆ. ಇವರ ತಂದೆ ತೀರಿಕೊಂಡಿದ್ದಾರೆ, ಈ ದಿನ ನಮ್ಮ ಹಿರಿಯರು ಕಾಗೆಯಾಗಿ ಊಟಕ್ಕೆ ಬರುತ್ತಾರೆ, ಅವರು ಉಣ್ಣುವವರೆಗೆ ಮಗನೂ ಉಪವಾಸ. ಹೇಳುತ್ತ ಹೇಳುತ್ತಲೇ ಕಾಂಟ್ರ್ಯಾಕ್ಟಿಗೂ ನನ್ನ ನೌಕರಿಗೂ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೆ.

ಅವರು ಕೋವಿಯಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು. ಮುಖ ಕೆಂಪಗಾಗಿತ್ತು. ನನ್ನ ಕಡೆ ತಿರುಗಿ ಬೈಯಲು ತೊಡಗಿದರು, ಆದರೆ ದನಿ ಏರಿಸದೆ.

“ನಿನಗೆ ಬುದ್ಧಿ ಇದೆಯಾ? ಒಬ್ಬರ ತಂದೆ ನನ್ನ ತೋಟಕ್ಕೆ ಊಟಕ್ಕೆ ಬಂದಿದ್ದಾರೆ. ನನಗೆ ಒಂದು ಮಾತು ಹೇಳಬಾರದಿತ್ತೇ? ಅತಿಥಿಯ ಮುಂದೆ ಕೋವಿ ಹಿಡಿದು ನಿಲ್ಲುವ ಹಾಗೆ ಮಾಡಿದೆಯಲ್ಲ.”

ಅವರು ತಲೆವಸ್ತ್ರ ಸರಿಪಡಿಸಿಕೊಂಡು, ಕಟ್ಟೆಯ ಕಡೆಗೆ ತಿರುಗಿ ಎದೆಯ ಮೇಲೆ ಕೈಯಿಟ್ಟರು. ಆಮೇಲೆ ಸಾರ್ ಅವರ ಭುಜ ಹಿಡಿದು ಕರೆತಂದು ಟ್ರ್ಯಾಕ್ಟರಿನ ನೆರಳಿನಲ್ಲಿ ಕೂರಿಸಿದರು. ಕಾಗೆಗೆ ಬೆನ್ನು ಮಾಡಿ ತಾವೂ ಕೂತರು, ನನ್ನನ್ನೂ ಕೂರಿಸಿದರು. ಉಣ್ಣುವವರನ್ನು ನೋಡುತ್ತ ಕೂರಬಾರದು ಎಂದರು.

ಹಿಂದೆ ಎಲೆಯ ಮೇಲೆ ಕೊಕ್ಕು ಬಡಿಯುವ ಸದ್ದು ಕೇಳಿಸಿತು. ಸಾರ್ ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು, ಒರೆಸಿಕೊಳ್ಳಲಿಲ್ಲ. ತುಸು ಹೊತ್ತಾದ ಮೇಲೆ ಸಾರ್ ನೋಡಲೆಂದು ಏಳಹೋದರು. ಅಬು ರಾಶಿದ್, ಸಾರ್ ಮೊಣಕಾಲಿನ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದರು.

“ಕೂತುಕೋ,” ಎಂದರು. “ಅವರು ನಿಧಾನವಾಗಿ ಉಣ್ಣಲಿ.”