ಕೆಂಪು ದಾರದ ಏಳು ಮಾತು

ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಬಂದಾಗಲೆಲ್ಲ ಒಂದು ಕ್ಷಣ ತಡೆಯುತ್ತದೆ, ಮುಂದೆ ಹೋಗಲೋ ಬೇಡವೋ ಅಂತ, ಅದಕ್ಕೂ ಇಂಗ್ಲಿಷಿನಲ್ಲಿ ಒಂದು ಪದವಿದೆ, ರಿಲಕ್ಟಂಟ್, ನಲವತ್ತನೆಯ ಚೀಟಿ, ಅಕ್ಕ ಈಸ್ ರಿಲಕ್ಟಂಟ್ ಟು ಸೀ ದಿ ಡಾಕ್ಟರ್, ಅಕ್ಕನಿಗೆ ಡಾಕ್ಟರ ಹತ್ತಿರ ಹೋಗಲು ಮನಸ್ಸಿಲ್ಲ — ಹೇಗೆ ನಾಲಿಗೆಯ ತುದಿಗೆ ಬಂತು ನೋಡು, ಬರದೆ ಏನು, ಚೀಟಿಗೊಂದು ಪದ, ಒಂದು ವಾಕ್ಯ, ಮುನ್ನೂರು ಚೀಟಿ, ಮುನ್ನೂರರಲ್ಲೂ ಅಕ್ಕ. ಮನೆಯವರನ್ನ ವಾಕ್ಯದಲ್ಲಿ ಕೂರಿಸಿ, ಪದ ಸಾಯೋವರೆಗೂ ಮರೆಯಲ್ಲ, ಅಂದಿದ್ದರು ಇಂಗ್ಲಿಷ್ ಪಾಠದ ಮೇಷ್ಟ್ರು. ಮನೆಯಲ್ಲಿ ಇರುವುದು ಅಕ್ಕ ಒಬ್ಬಳೇ, ಇನ್ಯಾರನ್ನು ಕೂರಿಸುವುದು. ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಹನ್ನೊಂದು ವರ್ಷದ ನರ್ಸ್ ಕೆಲಸದಲ್ಲಿ ಮೂಗಿಗೆ ಅಂಟಿಕೊಂಡ ಅದೇ ವಾಸನೆ, ಪರೀಕ್ಷೆಗೆ ಒಳಗೆ ಹೋದವನು ಇನ್ನೂ ಬಂದಿಲ್ಲ, ಅವನಾದ ಮೇಲೆ ತಂಗಿಯ ಸರದಿ, ಹತ್ತು ನಿಮಿಷ ತಡವರಿಸದೆ ಇಂಗ್ಲಿಷ್ ಮಾತಾಡಿ ಪಾಸಾದರೆ ದೂರದ ದೊಡ್ಡ ಆಸ್ಪತ್ರೆ, ತನ್ನದೇ ಕೋಣೆ, ತನ್ನದೇ ಬೀಗದ ಕೈ — ತೊಡೆಯ ಮೇಲಿನ ಬಟ್ಟೆ ಚೀಲವನ್ನು ಅವಳು ಮತ್ತೊಮ್ಮೆ ಬೋರಲು ಹಾಕಿದಳು, ಕೆಂಪು ದಾರ ಯಾರಿಗೂ ಕಾಣದ ಹಾಗೆ.

ಆಸ್ಪತ್ರೆಯ ದಿಂಬಿನ ಚೀಲ ಹೊಲಿದು ಹೊಲಿದೇ ತಂಗಿಯನ್ನು ಓದಿಸಿದ ಅಕ್ಕ, ಇಂಗ್ಲಿಷಿನ ಒಂದಕ್ಷರವೂ ಓದಲು ಬಾರದವಳು, ಆದರೂ ಸಂಜೆಯಾದರೆ ಮೆಷಿನ್ ಪಕ್ಕಕ್ಕೆ ತಳ್ಳಿ ಚೀಟಿ ಕೈಗೆತ್ತಿಕೊಂಡು ಪರೀಕ್ಷೆ ಮಾಡುತ್ತಾಳೆ, ಪದಗಳ ನಡುವಿನ ಸಂದು ನೋಡಿ ಬೆರಳು ಮಡಿಸುತ್ತಾಳೆ, ಏಳಿದೆ, ಆರೇ ಹೇಳಿದೆ, ಒಂದು ನುಂಗಿಬಿಟ್ಟೆ ಕಣೇ. ಅವಳಿಗೆ ಗುರುತಾಗುವುದು ಒಂದೇ ಪದ, ಮೊದಲು ಏಣಿ, ಆಮೇಲೆ ಕಾಲು ಚಾಚಿ ನಿಂತವರಿಬ್ಬರು, ಕೊನೆಗೊಂದು ಗುಂಡು, ಅದು ಅಕ್ಕ — ಇದರಲ್ಲೂ ನಾನಿದ್ದೀನಲ್ಲೇ, ಏನಂತೆ ನನ್ನ ವಿಷಯ? ಹೋದ ವರ್ಷ ಇದೇ ಪರೀಕ್ಷೆಯ ದಿನ ಅಕ್ಕನ ಕಣ್ಣಿನ ಆಪರೇಷನ್, ತಂಗಿಗೆ ಪರೀಕ್ಷೆಗೆ ಬರಲಾಗಲಿಲ್ಲ, ಆ ಸಂಜೆ ಹಲ್ಲು ಕಚ್ಚಿಕೊಂಡು ಬರೆದದ್ದು ನೂರಾ ಹನ್ನೆರಡನೆಯ ಚೀಟಿ, ಅಕ್ಕ ಈಸ್ ಎ ಮಿಲ್‌ಸ್ಟೋನ್ ಅರೌಂಡ್ ಮೈ ನೆಕ್, ಅಕ್ಕ ನನ್ನ ಕೊರಳಿಗೆ ಕಟ್ಟಿದ ಬೀಸುವ ಕಲ್ಲು. ಅವತ್ತು ಹಾಗೇ ಅನ್ನಿಸಿತ್ತು, ಇಲ್ಲ ಅನ್ನುವುದು ಹೇಗೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಏನಂತೇ ಇದು, ಅಂತ ಅಕ್ಕ ಕೇಳಿದಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು ಉತ್ತರ, ಅಕ್ಕ ನನ್ನ ಕೊರಳಿನ ಹಾರ ಅಂತ. ಅಕ್ಕ ಆ ಕಡೆ ತಿರುಗಿ ಸೂಜಿಗೆ ದಾರ ಪೋಣಿಸುತ್ತ ಕೂತಳು, ಎಷ್ಟು ಹೊತ್ತಾದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಆಮೇಲೆ ಆ ಚೀಟಿ ಕಾಣಲಿಲ್ಲ, ಪೀಡೆ ತೊಲಗಿತು ಅಂದುಕೊಂಡಿದ್ದಳು ತಂಗಿ. ತೊಲಗುವುದೆಲ್ಲಿ, ಇವತ್ತು ಬೆಳಿಗ್ಗೆ ಬಾಗಿಲಲ್ಲಿ ಅಕ್ಕ ಈ ಚೀಲ ಕೈಗಿಟ್ಟಳು, ಪೆನ್ನು, ಗುರುತಿನ ಕಾರ್ಡು ಎಲ್ಲ ಒಳಗಿದೆ, ಗುಂಡಿ ಹಾಕಿದ್ದೀನಿ, ಮೇಲೆ ನೋಡು — ಬಿಳಿ ಬಟ್ಟೆ, ಕೆಂಪು ದಾರ, ಏಳು ಮಾತಿನ ಕಸೂತಿ, ಆ ಕಳೆದುಹೋದ ಚೀಟಿಯಲ್ಲಿದ್ದ ಹಾಗೇ, ಒಂದೂ ನುಂಗಿಲ್ಲ. ಆ ಕಣ್ಣಿಗೆ ಸೂಜಿ ಕೆಲಸ ಕೂಡದು ಅಂದಿದ್ದರು ಡಾಕ್ಟರು, ಕಸೂತಿ ಗಿಸೂತಿ ಬಿಡು ಅಂತ ತಾನೂ ಬೈದಿದ್ದಳು. ಮುನ್ನೂರರಲ್ಲಿ ಇದೇ ಚೆನ್ನಾಗಿತ್ತು ಕಣೇ, ಎರಡೆರಡು ಸಲ ಹೊಲಿದಿದ್ದೀನಿ, ಬಿಚ್ಚೋದಿಲ್ಲ, ಅಂದಳು ಅಕ್ಕ. ಆಗಲೇ ನಿಜ ಹೇಳಬಹುದಿತ್ತು, ಏನಂತ ಹೇಳುವುದು, ಬಸ್ಸಿಗೆ ಹೊತ್ತಾಯಿತು ಅಂದಳು ತಂಗಿ, ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅಕ್ಕ ಇನ್ನೂ ಬಾಗಿಲಲ್ಲೇ ಇದ್ದಾಳೆ, ತಂಗಿ ಇಷ್ಟು ದೂರ ಹೋದಮೇಲೆ ಕಾಣುವುದಿಲ್ಲ ಅವಳಿಗೆ, ಆದರೂ ಕೈ ಎತ್ತಿ ಬೀಸುತ್ತಿದ್ದಾಳೆ.

ನೆಕ್ಸ್ಟ್ ಅಂದರು, ಒಳಗೆ ಮೇಜು, ಕನ್ನಡಕದ ಮೇಡಂ, ಗುರುತಿನ ಕಾರ್ಡು ತೋರಿಸಿ ಅನ್ನುತ್ತಾರೆ, ಚೀಲದ ಗುಂಡಿ ಇರುವುದು ಕಸೂತಿಯ ಬದಿಗೆ, ತಿರುಗಿಸದೆ ಬಿಚ್ಚಲಾಗದು, ತಿರುಗಿಸಿದಳು, ಅಂಗೈ ಅಡ್ಡ ಇಟ್ಟಳು, ಒಂದು ಅಂಗೈ ಏಳು ಮಾತನ್ನು ಮುಚ್ಚೀತೆ, ಮೇಡಂ ಓದುತ್ತಿದ್ದಾರೆ, ತುಟಿ ಅಲ್ಲಾಡುತ್ತಿದೆ, ನಗು ಶುರುವಾಗಿ ಅರ್ಧಕ್ಕೆ ನಿಂತಿತು. ಯಾರು ಹೊಲಿದದ್ದು ಇದನ್ನ, ಇಂಗ್ಲಿಷಿನಲ್ಲಿ ಕೇಳಿದರು, ಮೆಲ್ಲಗೆ, ಪರೀಕ್ಷೆಯ ಪ್ರಶ್ನೆಯ ಹಾಗಿರಲಿಲ್ಲ ಅದು. ನನ್ನ ಅಕ್ಕ, ಅಂದಳು. ಅವರಿಗೆ ಇದರ ಅರ್ಥ ಗೊತ್ತಾ? ಈಗ ಬರಬೇಕು ಮಾತು, ಮುನ್ನೂರು ಚೀಟಿ ಕಣ್ಣ ಮುಂದೆ ಸರಿಯುತ್ತಿದೆ, ರಿಮೋರ್ಸ್, ಇನ್ನೂರಾ ಆರು, ಪಶ್ಚಾತ್ತಾಪ, ಅಕ್ಕ ಫೆಲ್ಟ್ ನೋ ರಿಮೋರ್ಸ್ — ಅದಕ್ಕೂ ಅಕ್ಕನನ್ನೇ ಕೂರಿಸಿದ್ದಾಳೆ, ಬೇರೆ ನೋಡು, ಡಿಸೀವ್, ಮೋಸ ಮಾಡು, ಅಲ್ಲೂ ಅಕ್ಕ, ಅನ್‌ಗ್ರೇಟ್‌ಫುಲ್, ಉಪಕಾರ ನೆನೆಯದ, ಅಲ್ಲೂ ಅಕ್ಕ, ನಾನು ಅಂತ ಶುರುವಾಗುವ ವಾಕ್ಯ ಮುನ್ನೂರರಲ್ಲಿ ಒಂದೂ ಇಲ್ಲ, ಮೇಡಂ ಕಾಯುತ್ತಿದ್ದಾರೆ, ಅವಳು ಬಾಯಿ ತೆರೆದಳು, ನಾಲಿಗೆಗೆ ಬಂದದ್ದು ಅಕ್ಕ ಅನ್ನುವ ಒಂದೇ ಪದ, ಬೆರಳ ಸಂದಿಯಲ್ಲಿ ಏಣಿ, ಕಾಲು ಚಾಚಿ ನಿಂತವರಿಬ್ಬರು, ಒಂದು ಗುಂಡು, ಕೆಂಪು ದಾರ, ಎರಡೆರಡು ಸಲ, ಬಿಚ್ಚೋದಿಲ್ಲ, ಕೆಂಪು ದಾರ, ಎರಡೆರಡು ಸಲ —