ಚೌಳಿಗೆ ಬಿದ್ದ ಬೀಜ

“ಕಳ್‌ಮುಂಡೆ, ಬೀಜವ ಮನೆಗೊಯ್ದು ಬರೀ ಮಣ್ ಗೀರಿ ಓಗಿದ್ದೀಯಲ್ಲಮ್ಮಿ!”

ರೇಣುಕಾಪ್ರಸಾದ್ ಬದುವಿನ ಮೇಲೆ ನಿಂತು ಕೂಗಿದ ಏಟಿಗೆ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿದರು. ಬೈಸಿಕೊಂಡವಳು ಪುಟ್ಟಮಾದಮ್ಮ. ಹತ್ತು ದಿನದ ಹಿಂದೆ ಅವರೇ ಸೇರಿ ಅವನ ಹೊಲಕ್ಕೆ ಸಾಸಿವೆ ಬಿತ್ತಿದ್ದರು. ಮೇಲಿನ ಅರ್ಧ ಹಸಿರಾಗಿತ್ತು. ಪುಟ್ಟಮಾದಮ್ಮ ಬಿತ್ತಿದ ಕೆಳಗಿನ ಅರ್ಧ, ಕಾಲುವೆಯ ಬಸಿನೀರು ನಿಂತು ನಿಂತು ಬೆಳ್ಳಗೆ ಚೌಳು ಹಿಡಿದ ಜಾಗ, ಬೋಳಾಗಿ ಬಿದ್ದಿತ್ತು.

“ಅವತ್ತೇ ಏಳಿದ್ನಲ್ಲ ಬುದ್ದಿ, ಎಲ್ಡು ಸಲ ನೀರ್ ನಿಲ್ಸಿ ಬಸ್ದು ಉಪ್ಪು ತೊಳೀರಿ ಅಂತ. ಬೆಳ್ದ ಸಾಸ್ವೆ ಒಸಿ ಉಪ್ಪು ತಡ್ಕತದೆ. ಮೊಳ್ಕೆ ತಡ್ಯಕ್ಕಿಲ್ಲ.”

“ನಂಗೇ ಬ್ಯಾಸಾಯ ಏಳ್ಕೊಡ್ತೀಯಾ? ಲೇ ನಿಂಗರಾಜು, ತತ್ತಾರ್ಲಾ.”

ಆಳು ನಿಂಗರಾಜು ತಲೆ ತಗ್ಗಿಸಿಕೊಂಡೇ ಒಂದು ಡಬ್ಬಿ ಕೊಟ್ಟ. ಅದು ಪುಟ್ಟಮಾದಮ್ಮನ ಒಗ್ಗರಣೆ ಡಬ್ಬಿ. ಅವಳಿಲ್ಲದ ಹೊತ್ತಲ್ಲಿ ಮನೆಗೆ ನುಗ್ಗಿ ಒಲೆಯ ಮುಂದೆಲ್ಲ ತಡಕಾಡಿದ್ದರು. ಅವಳ ಕೇರಿಯಲ್ಲಿ ಲೋಟ ನೀರೂ ಮುಟ್ಟದವರಿಗೆ ಕಳ್ಳಮಾಲು ಹುಡುಕಲು ಮಾತ್ರ ಯಾವ ಮೈಲಿಗೆಯೂ ಅಡ್ಡ ಬಂದಿರಲಿಲ್ಲ.

ರೇಣುಕಾಪ್ರಸಾದ್ ಡಬ್ಬಿಯನ್ನು ಬೋರಲು ಹಾಕಿದ. ಒಂದು ಹಿಡಿ ಸಾಸಿವೆ ಮಣ್ಣುಪಾಲಾಯಿತು.

“ನೋಡ್ರಮ್ಮಿ! ಇನ್ಮೇಕೆ ಈ ಊರಲ್ಲಿ ಯಾರೂ ಇವಳ್ನ ಕೂಲಿಗೆ ಕರ್ಯಂಗಿಲ್ಲ.”

“ನಮ್ಮನೇಲೂ ಸಾಸ್ವೆ ಅದೆ. ನಾನೂ ಕಳ್ಳೀನಾ?” ಎಂದಳು ಕಳೆ ಕೀಳುತ್ತಿದ್ದ ಚಿಕ್ಕಬಸಮ್ಮ.

“ಮುಚ್ಕೊಂಡ್ ಕೆಲ್ಸ ಮಾಡಮ್ಮಿ.”

ಪುಟ್ಟಮಾದಮ್ಮ ಕುಕ್ಕರಗಾಲಲ್ಲಿ ಕೂತು, ತಾನು ಬಿತ್ತಿದ ಸಾಲನ್ನು ಕುಡುಗೋಲಿನ ಮೊನೆಯಿಂದ ಕೆದಕಿದಳು. ಬೆರಳಗಲ ಆಳದಲ್ಲಿ ಬೀಜ ಸಾಲುಸಾಲಾಗಿ ಸಿಕ್ಕಿದವು. ಕೆಲವು ಉಬ್ಬಿ ಅಷ್ಟಕ್ಕೇ ನಿಂತಿದ್ದವು. ಕೆಲವಕ್ಕೆ ಕೂದಲೆಳೆಯಷ್ಟು ಬೇರು ಬಂದು ಕಪ್ಪಗೆ ಸುಟ್ಟುಹೋಗಿತ್ತು.

“ಇಲ್ಲೇ ಅವೆ ನೋಡಿ ನಿಮ್ ಬೀಜ,” ಎಂದು ಮಣ್ಣಿನ ಸಮೇತ ಅಂಗೈಯಲ್ಲಿ ಹಿಡಿದಳು.

ಅವನ ಮುಖ ಸಪ್ಪಗಾಯಿತು. ಆದರೆ ತಪ್ಪಾಯಿತು ಎಂದು ಹೊರಳುವ ನಾಲಿಗೆ ಅದಲ್ಲ. “ಆಯ್ತು ಬುಡಮ್ಮಿ, ಒಂದ್ ಮಾತಂದ್ರೆ ಏನ್ ಸವ್ದೋದ್ಯಾ? ಇನ್ನೊಂದು ದಪ ಬಿತ್ತು, ಓಗು.”

ಪುಟ್ಟಮಾದಮ್ಮ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ಬದು ಹತ್ತಿ, ಇಷ್ಟು ವರ್ಷ ದೂರದಿಂದಲೇ ಮಾತಾಡಿಸಿದವನ ಎದುರಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅಂಗೈ ಚಾಚಿದಳು.

“ನೆಕ್ಕು,” ಎಂದಳು. “ನೆಕ್ಕಿ ಏಳು, ಕಳ್ಳಿ ನಾನಾ, ನಿನ್ ನೆಲಾನಾ.”

ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವನ ಬೆನ್ನ ಹಿಂದೆ ಚಿಕ್ಕಬಸಮ್ಮ ಬಗ್ಗಿ ಒಂದು ಹಿಡಿ ಮಣ್ಣು ಬಾಚಿಕೊಂಡು, ತಾನೂ ಅಂಗೈ ಚಾಚಿ ಎದ್ದಳು. ಅವಳ ಪಕ್ಕದವಳೂ ಬಗ್ಗಿದಳು.