ಮೇಷ್ಟ್ರ ಹೆಂಡತಿ ಊರು ನೋಡಿದ್ದು

ಕುಣಿಗಲ್ಲಿನ ಸೀತಾರಾಮಯ್ಯ ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದರು. ಆದರೆ ಪಾಠ ಹೇಳುವ ಚಟ ನಿವೃತ್ತಿಯಾಗಬೇಕಲ್ಲ! ಹೊರಗಿನಿಂದ ಬಂದವರು ಇಬ್ಬರೋ ಮೂವರೋ ಸಿಕ್ಕರೆ ಸಾಕು, ಭಾನುವಾರ ಬೆಳಗ್ಗೆ ಅವರನ್ನು ಹಿಂದೆ ಹಾಕಿಕೊಂಡು ಕೋಟೆ, ಗುಡಿ, ಕೆರೆ ಏರಿ ಎಂದು ಊರೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿಸುವ ಕೆಲಸ ಹಚ್ಚಿಕೊಂಡರು. "ಈ ಊರಲ್ಲಿ ನೋಡಕ್ಕೆ ಏನೈತೆ ಮೇಷ್ಟ್ರೇ?" ಎಂದು ಊರವರು ನಕ್ಕಿದ್ದೇ ಬಂತು. ತುಮಕೂರಿನಿಂದ ಲೆಕ್ಚರರುಗಳು ಬಂದರು, ಗುಬ್ಬಿಯಿಂದ ಬ್ಯಾಂಕಿನವರು ಬಂದರು, ಕುದುರೆ ಫಾರಮ್ಮು ನೋಡಲು ಬಂದ ಬೊಂಬಾಯಿಯವರೂ ಒಂದು ಸಲ ಇವರ ಕೈಗೆ ಸಿಕ್ಕಿಬಿದ್ದರು. ಒಂದು ಭಾನುವಾರಕ್ಕೆ ಒಂದೇ ಗುಂಪು. ಜನ ಹೆಚ್ಚಾದರೆ ಮಾತು ಹಾಳಾಗುತ್ತದೆ ಅನ್ನುವುದು ಮೇಷ್ಟ್ರ ಕಾಯಿದೆ.

ಈ ವೈಭವದಲ್ಲಿ ಅವರ ಹೆಂಡತಿ ಕೌಸಲ್ಯಮ್ಮನವರ ಪಾಲು ಉಪ್ಪಿಟ್ಟು, ಕೇಸರಿಬಾತು ಮತ್ತು ಕಾಫಿ. ಬೆಳಗ್ಗೆ ಎಂಟೂವರೆಗೆ ಹೊರಟವರು ಹನ್ನೆರಡಕ್ಕೆ ಕಾಲೆಲ್ಲ ಧೂಳು ಮಾಡಿಕೊಂಡು, ಕಣ್ಣು ಫಳಫಳ ಹೊಳೆಸುತ್ತಾ ಹಿಂದಿರುಗುತ್ತಿದ್ದರು. "ಅಮ್ಮಾ, ಇಂಥ ಊರಲ್ಲಿರೋಕೆ ನೀವು ಪುಣ್ಯ ಮಾಡಿದ್ರಿ" ಎನ್ನುತ್ತಿದ್ದರು. ಕೌಸಲ್ಯಮ್ಮ ನಕ್ಕು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು. ಆಮೇಲೆ ಗಂಡನನ್ನು, "ಏನು ತೋರಿಸಿದ್ರೀಂದ್ರೆ ಅವರಿಗೆ?" ಎಂದು ಕೇಳಿದರೆ, "ಎಲ್ಲಾ ನಿಂಗೆ ಗೊತ್ತಿರೋದೇ ಕಣೇ" ಎಂದು ಅವರು ಪೇಪರ್ ಬಿಡಿಸುತ್ತಿದ್ದರು. ಏನು ಗೊತ್ತಿತ್ತು ಮಣ್ಣು! ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಆಕೆ ಗಂಡನ ಜೊತೆ ಊರೊಳಗೆ ನಿಧಾನವಾಗಿ ಒಂದು ಬೀದಿ ನಡೆದವರಲ್ಲ. ಒಂದೇ ಒಂದು ಸಲ ತಾನೂ ಆ ಸುತ್ತು ಸುತ್ತಬೇಕು, ಬಂದವರಿಗೆ ಹೇಳುವುದನ್ನೆಲ್ಲ ಅವರು ತನಗೂ ಹೇಳಬೇಕು ಎಂಬ ಆಸೆ ಒಳಗೊಳಗೇ ಬೆಳೆದು ಈಗ ಗಂಟಲಿಗೆ ಬಂದಿತ್ತು.

ಎಂಬತ್ತೆರಡನೇ ಇಸವಿಯ ಜನವರಿ. ಸಂಕ್ರಾಂತಿ ಕಳೆದ ಮೊದಲ ಭಾನುವಾರ, ತುಮಕೂರಿನ ಡಾಕ್ಟರ್ ದಂಪತಿಗಳು ಬರಬೇಕಾಗಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಕೊಡೆ ಹಿಡಿದು, ಜಗಲಿಯ ಮೇಲೆ ಶತಪಥ ಹಾಕುತ್ತಿದ್ದರು. ಬಸ್ಸಿನ ಕಂಡಕ್ಟರ್ ಚಿಕ್ಕಬೋರಯ್ಯ ಒಂದು ಚೀಟಿ ತಂದುಕೊಟ್ಟ.

"ಡಾಕ್ಟ್ರು ಕೊಟ್ಟವ್ರೆ ಸಾರ್. ಅವ್ರ ಕಾರು ಕೆಟ್ಟೋಗೈತಂತೆ. ಬಸ್ಸಲ್ಲಿ ಬನ್ನಿ ಅಂದೆ, ನಕ್ಬುಟ್ರು."

ಮೇಷ್ಟ್ರ ಮುಖ ಸಪ್ಪಗಾಯಿತು. ಕೊಡೆಯನ್ನು ಗೋಡೆಗೆ ಒರಗಿಸಿ, ಓದಿಕೊಂಡು ಬಂದ ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಹಾಗೆ ಬೆಂಚಿನ ಮೇಲೆ ಕುಳಿತರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಕೌಸಲ್ಯಮ್ಮನಿಗೆ ಈಗ ಬಿಟ್ಟರೆ ಇನ್ನಿಲ್ಲ ಅನಿಸಿತು.

"ನಾನು ಬರ್ತೀನಿ" ಅಂದರು.

"ಎಲ್ಲಿಗೆ?"

"ಊರು ನೋಡಕ್ಕೆ. ನಂಗೆ ತೋರಿಸಿ."

"ತಲೆ ಕೆಟ್ಟಿದೆಯೇನೇ? ನೋಡಿದವರು ಏನಂತಾರೆ?"

"ಮೇಷ್ಟ್ರು ಹೆಂಡ್ತಿ ಜೊತೆ ಹೋಗ್ತಾವ್ರೆ ಅಂತಾರೆ. ಬೇರೆಯೋರ ಹೆಂಡ್ತಿ ಜೊತೆ ಹೋದ್ರೆ ತಾನೇ ಯೋಚ್ನೆ!"

ಚಿಕ್ಕಬೋರಯ್ಯ ಪಕಪಕ ನಕ್ಕ. "ಕರ್ಕೊಂಡೋಗಿ ಸಾರ್, ಪಾಪ" ಎಂದು ಒಂದು ಮಾತು ಸೇರಿಸಿ, ಉಪ್ಪಿಟ್ಟಿನ ವಾಸನೆಗೆ ಅಲ್ಲೇ ನಿಂತ. ಕೌಸಲ್ಯಮ್ಮ ಅವನಿಗೆ ಒಂದು ತಟ್ಟೆ ತುಂಬಾ ಹಾಕಿಕೊಟ್ಟರು. ತಾವು ಸಂಕ್ರಾಂತಿಗೆ ಮಗಳು ಗುಬ್ಬಿಯಿಂದ ತಂದಿದ್ದ ಹಸಿರು ಸೀರೆ ಉಟ್ಟು ಐದೇ ನಿಮಿಷದಲ್ಲಿ ಹೊರಗೆ ಬಂದರು. ಹೊರಡುವ ಮುಂಚೆ ಒಂದು ಷರತ್ತು ಹಾಕಿದರು. "ಬಂದೋರಿಗೆ ಹೆಂಗೆ ಹೇಳ್ತೀರೋ ನಂಗೂ ಹಂಗೇ ಹೇಳ್ಬೇಕು. ಒಂದು ಮಾತೂ ಬಿಡೋ ಹಾಗಿಲ್ಲ."

ಮೊದಲ ಬೀದಿಯಲ್ಲೇ ಎಡವಟ್ಟಾಯಿತು. ಮೇಷ್ಟ್ರು ಅಭ್ಯಾಸ ಬಲದಿಂದ ಹತ್ತು ಹೆಜ್ಜೆ ಮುಂದೆ ನಡೆಯುತ್ತಾ, ಕೊಡೆ ಎತ್ತಿ ಆ ಕಡೆ ಈ ಕಡೆ ತೋರಿಸುತ್ತಾ, ಕೋಟೆಯ ಕಥೆಯನ್ನು ಗಾಳಿಗೆ ಹೇಳಿಕೊಂಡು ಹೋಗುತ್ತಿದ್ದರು. ಹಿಂದೆ ಕೌಸಲ್ಯಮ್ಮನಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ಮದುವೆಗೋ ದೇವಸ್ಥಾನಕ್ಕೋ ಹೋಗುವಾಗ ಇಷ್ಟು ವರ್ಷ ಹೀಗೆಯೇ ನಡೆದದ್ದು. ಆದರೆ ಇವತ್ತು ಆಕೆ ರಸ್ತೆ ನಡುವೆ ನಿಂತುಬಿಟ್ಟರು.

"ಏನೂಂದ್ರೆ! ನಿಮ್ಮ ಗುಂಪು ಇಲ್ಲಿದೆ."

ಮೇಷ್ಟ್ರು ತಿರುಗಿ ನೋಡಿ, ನಾಚಿಕೊಂಡು, ಹಿಂದಕ್ಕೆ ಬಂದರು. ಆಮೇಲೆ ಸರಿಸಮ ನಡೆದರು. ಎದುರಿಗೆ ಬಂದ ಸೈಕಲ್ಲಿನವರೆಲ್ಲ ಇಳಿದು ನಮಸ್ಕಾರ ಹೇಳಿ, ಪಕ್ಕದಲ್ಲಿದ್ದವರನ್ನು ಎರಡು ಸಲ ನೋಡಿದರು. ಕೌಸಲ್ಯಮ್ಮನಿಗೆ ಅದೂ ಖುಷಿಯೇ ಆಯಿತು.

ಕೋಟೆ ಅಂದರೆ ಮುಳ್ಳುಗಿಡ ಬೆಳೆದ ದಿಬ್ಬ ಎಂದು ಆಕೆ ತಿಳಿದಿದ್ದರು. ಮೇಷ್ಟ್ರು ಅದರ ಮೇಲೆ ನಿಂತು ಕೊಡೆಯ ತುದಿಯಿಂದ ಕಾವಲುಗಾರ ನಿಲ್ಲುತ್ತಿದ್ದ ಜಾಗ, ಆನೆ ಒಳಗೆ ಬಾರದಂತೆ ದಾರಿ ಡೊಂಕು ಮಾಡಿದ ಜಾಗ ತೋರಿಸಿದಾಗ ದಿಬ್ಬ ನಿಜಕ್ಕೂ ಎದ್ದು ನಿಂತಂತಾಯಿತು. ಕೆರೆಯ ಏರಿಯ ಮೇಲೆ ಮಾಗಿಯ ಬಿಸಿಲು ಹಿತವಾಗಿತ್ತು. ನೀರು ಕಣ್ಣು ಕುಕ್ಕುತ್ತಿತ್ತು. ಮೇಷ್ಟ್ರ ದನಿಗೆ ರಂಗೇರಿತು. ಇವರು ಇಷ್ಟು ಚೆನ್ನಾಗಿ ಮಾತಾಡುತ್ತಾರೆ ಅನ್ನುವುದೇ ಆಕೆಗೆ ಗೊತ್ತಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಎನ್ನುವುದಕ್ಕಿಂತ ಉದ್ದದ ಮಾತು ಬರುತ್ತಿರಲಿಲ್ಲವಲ್ಲ!

ಗುಡಿಯಲ್ಲಂತೂ ಆಕೆ ದಂಗಾದರು. ವಾರಕ್ಕೆರಡು ಸಲ ಬಂದು, ಮಂಗಳಾರತಿ ತೆಗೆದುಕೊಂಡು ಹೋದವರು ಕಂಬಗಳನ್ನು ಯಾವತ್ತಾದರೂ ತಲೆಯೆತ್ತಿ ನೋಡಿದ್ದರೆ ತಾನೇ! ಒಂದು ಕಂಬದಲ್ಲಿ ಗೇಣುದ್ದದ ನಾಟ್ಯದ ಹೆಂಗಸು. ಕಾಲಿನ ಗೆಜ್ಜೆಯವರೆಗೂ ಕೆತ್ತಿದ್ದ ಶಿಲ್ಪಿ ಮುಖವನ್ನು ಕೆತ್ತದೆ ಹಾಗೇ ಬಿಟ್ಟಿದ್ದ.

"ಯಾಕೆ ನಿಲ್ಲಿಸಿದ ಅಂತ ಯಾರಿಗೂ ಗೊತ್ತಿಲ್ಲ" ಎಂದರು ಮೇಷ್ಟ್ರು, ಬಂದವರಿಗೆಲ್ಲ ಹೇಳುವ ಗಂಭೀರ ದನಿಯಲ್ಲಿ. "ಯುದ್ಧ ಬಂದಿರಬಹುದು, ರಾಜಾಶ್ರಯ ತಪ್ಪಿರಬಹುದು."

"ಊಟಕ್ಕೆ ಕರೆದಿರ್ತಾರೆ. ಉಂಡು ಮಲಗಿದವನು ಏಳಲಿಲ್ಲ ಅಂತ ಕಾಣುತ್ತೆ" ಅಂದರು ಕೌಸಲ್ಯಮ್ಮ.

ಮೇಷ್ಟ್ರು ಗುಡಿ ಎನ್ನುವುದನ್ನೂ ಮರೆತು ಗಹಗಹಿಸಿ ನಕ್ಕರು. ಅರ್ಚಕರು ಒಳಗಿನಿಂದ ಇಣುಕಿ ನೋಡಿದರು.

ಕೊನೆಯದು, ಹಳೆಯ ಬಾವಿಯ ಓಣಿಯಲ್ಲಿ ನಿಂತಿದ್ದ ಮುರಿದ ಶಾಸನದ ಕಲ್ಲು. ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ಇಳಿಯಿತು. ಸೊಂಟದೆತ್ತರದ ಕಲ್ಲು, ಮೇಲ್ಗಡೆ ಸೂರ್ಯ ಚಂದ್ರರು, ಅಂಚಿನಲ್ಲಿ ಬಳ್ಳಿ, ಬಳ್ಳಿಯ ಸುರುಳಿ ಸುರುಳಿಗೂ ಒಂದೊಂದು ಹಂಸ. ಎಂಟು ಸಾಲು ಅಕ್ಷರವಾದ ಮೇಲೆ ಅಡ್ಡಕ್ಕೆ ಒಡೆದಿತ್ತು.

"ದಾರಿಹೋಕರಿಗೋಸ್ಕರ ಈ ಬಾವಿಯನ್ನು ತೋಡಿಸಿದವರು, ಅಂತ ಬರೆದು ಅಲ್ಲಿಗೆ ನಿಂತುಹೋಗಿದೆ. ಯಾರು ಅನ್ನೋದು ಕೆಳಗಿನ ಅರ್ಧದಲ್ಲಿದೆ. ಇಪ್ಪತ್ತು ವರ್ಷದಿಂದ ಹುಡುಕ್ತಿದೀನಿ. ಪುರಸಭೆಯಲ್ಲಿ ಕೇಳ್ದೆ, ಗಾರೆಯವರನ್ನ ಕೇಳ್ದೆ. ಅಣೆಕಟ್ಟಿಗೆ ಗಾಡಿಯಲ್ಲಿ ಕಲ್ಲು ಹೋಗಿತ್ತು ಅಂತ ಯಾರೋ ಹೇಳಿದ್ದಕ್ಕೆ ಮಾರ್ಕೋನಹಳ್ಳಿಗೂ ಎರಡು ಸಲ ಹೋಗಿಬಂದೆ. ಸಿಗಲಿಲ್ಲ. ಇಲ್ಲಿಗೆ ಸುತ್ತು ಮುಗೀತು."

ಕೌಸಲ್ಯಮ್ಮ ಬಗ್ಗಿ ಹಂಸಗಳನ್ನೇ ನೋಡುತ್ತಿದ್ದರು. ಒಂದು ಹಂಸದ ಮೇಲೆ ಬೆರಳಿಟ್ಟರು, ಇನ್ನೊಂದರ ಮೇಲಿಟ್ಟರು.

"ಏನೂಂದ್ರೆ, ಈ ಬಾತುಕೋಳಿ ಭದ್ರಮ್ಮನ ಹಿತ್ತಲಲ್ಲಿವೆ."

"ಅದು ಹಂಸ."

"ಏನೋ ಒಂದು! ಅವಳು ಬಟ್ಟೆ ಒಗೆಯೋ ಕಲ್ಲಿನ ಅಂಚಲ್ಲಿ ಇದೇ ಬಳ್ಳಿ, ಇವೇ ಹಕ್ಕಿ. ಅಕ್ಷರಾನೂ ಇದಾವೆ."

ಮೇಷ್ಟ್ರ ಕೈಯಿಂದ ಕೊಡೆ ಜಾರಿತು. ಭದ್ರಮ್ಮನ ಮನೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಮೂರನೇ ಬೀದಿ. ಆಕೆಯ ಗಂಡ ಸದಾಶಿವಯ್ಯ ಇಸ್ಪೀಟಾಟದ ಗೆಳೆಯ. ಆ ಜಗಲಿಯ ಮೇಲೆ ಕುಳಿತು ಅವರು ಸಾವಿರ ಸಲ ಕಾಫಿ ಕುಡಿದಿದ್ದಾರೆ, ಕಳೆದುಹೋದ ಶಾಸನದ ಬಗ್ಗೆ ಭಾಷಣವನ್ನೂ ಬಿಗಿದಿದ್ದಾರೆ. ಆದರೆ ಜಗಲಿ ದಾಟಿ, ನಡುಮನೆ ದಾಟಿ, ಹೆಂಗಸರು ಓಡಾಡುವ ಹಿತ್ತಲಿಗೆ ಗಂಡಸಾದವನು ಯಾಕೆ ಹೋದಾನು? ಕೌಸಲ್ಯಮ್ಮನಿಗೆ ಆ ಮನೆಯ ಮುಂಬಾಗಿಲಿಗಿಂತ ಹಿಂಬಾಗಿಲೇ ಹೆಚ್ಚು ಪರಿಚಯ.

"ನಡಿಯೇ, ನಡಿ ನಡಿ!"

ಅರವತ್ತು ವರ್ಷದ ಮೇಷ್ಟ್ರು, ಐವತ್ತೆರಡರ ಹೆಂಡತಿ, ಹಾಡಹಗಲು ಬೀದಿಯಲ್ಲಿ ಓಡಿದರು ಎಂದರೆ ನೀವು ನಂಬಬೇಕು. ಕೌಸಲ್ಯಮ್ಮ ನೆರಿಗೆ ಎತ್ತಿ ಹಿಡಿದು, ಹಿಂದಿನ ಸಂದಿಯಿಂದ ನುಗ್ಗಿ, ಹಿತ್ತಲ ಬಾಗಿಲು ತಳ್ಳಿದರು. ಭದ್ರಮ್ಮ ಸೆರಗು ಸಿಕ್ಕಿಸಿಕೊಂಡು ದುಪ್ಪಟಿ ಕುಕ್ಕುತ್ತಿದ್ದಳು. ಮೇಷ್ಟ್ರನ್ನು ಕಂಡು ಗಾಬರಿಯಾಗಿ ಎದ್ದಳು.

"ಅಯ್ಯೋ, ಏನಾಯ್ತು ಮೇಷ್ಟ್ರೇ? ನಮ್ಮೆಜಮಾನ್ರು ಮುಂದ್ಗಡೆ ಅವ್ರಲ್ಲ!"

"ಕಲ್ಲು, ಕಲ್ಲು" ಎಂದರು ಮೇಷ್ಟ್ರು. ಒಗೆಯುವ ಕಲ್ಲಿನ ಕಡೆ ಕೈ ತೋರಿಸಿದರು.

ಕೌಸಲ್ಯಮ್ಮ ದುಪ್ಪಟಿ ಎತ್ತಿ ಬಕೆಟ್ಟಿಗೆ ಹಾಕಿ, ನಾಲ್ಕು ಚೊಂಬು ನೀರು ಸುರಿದು ನೊರೆ ತೊಳೆದರು. ಅಂಚಿನಲ್ಲಿ ಬಳ್ಳಿ ಕಂಡಿತು, ಹಂಸಗಳು ಕಂಡವು. ಸೆರಗಿನಿಂದ ಒರೆಸಿ, ಭದ್ರಮ್ಮನ ಡಬ್ಬಿಯಿಂದ ರಂಗೋಲಿ ಪುಡಿ ತಂದು ಕಲ್ಲಿನ ಮೇಲೆ ತಿಕ್ಕಿದರು. ಮಸುಕಾಗಿದ್ದ ಗೆರೆಗಳಲ್ಲಿ ಬಿಳಿ ತುಂಬಿ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಮೇಷ್ಟ್ರು ಒದ್ದೆ ನೆಲದಲ್ಲಿ ಮೊಣಕಾಲೂರಿ, ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು.

"ಈ ಧರ್ಮವನ್ನು ಕೆಡಿಸಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವರು..."

"ಅಯ್ಯಯ್ಯೋ ಶಿವನೇ!" ಎಂದು ಭದ್ರಮ್ಮ ಬಾಯಿ ಬಡಿದುಕೊಂಡಳು. "ಮೂವತ್ತು ವರ್ಸದಿಂದ ಇದರ ಮೇಲೇ ಕುಕ್ತಾ ಇವ್ನಿ! ನಮ್ಮ ಮಾವ ತಂದಾಕಿದ್ದು, ನಂಗೇನ್ ಗೊತ್ತು?"

"ಬಾವಿ ಕೆಡಿಸಿದವರಿಗೆ ಕಣಮ್ಮ, ಬಟ್ಟೆ ಒಗೆದವರಿಗಲ್ಲ" ಎಂದು ಸಮಾಧಾನ ಹೇಳಿದ ಮೇಷ್ಟ್ರು ಮೇಲಿನ ಸಾಲುಗಳಿಗೆ ಕೈಯಾಡಿಸಿದರು. ಹೆಸರು ಇರಬೇಕಾದದ್ದು ಅಲ್ಲಿ. ಅಲ್ಲಿ ಕಲ್ಲು ನುಣ್ಣಗೆ ಕನ್ನಡಿಯಾಗಿತ್ತು. ಕೌಸಲ್ಯಮ್ಮ ಮತ್ತೊಂದು ಹಿಡಿ ಪುಡಿ ತಿಕ್ಕಿದರು. ಏನೂ ಮೂಡಲಿಲ್ಲ. ಬಟ್ಟೆ ಬಡಿದು ಬಡಿದು, ಬಾವಿ ತೋಡಿಸಿದವರ ಹೆಸರು ನೀರಿನ ಜೊತೆ ಎಂದೋ ಹರಿದುಹೋಗಿತ್ತು.

ಆಗ ಕೌಸಲ್ಯಮ್ಮನಿಗೆ ಒಂದು ನೆನಪಾಯಿತು. ಅರವತ್ತೊಂಬತ್ತನೇ ಇಸವಿಯಲ್ಲಿ ಅವರ ಬೀದಿಯ ಬೋರಿಂಗ್ ಕೆಟ್ಟಾಗ, ಎರಡು ಬೇಸಿಗೆ ಪೂರ್ತಿ ಆಕೆ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದದ್ದು ಇಲ್ಲಿಗೇ. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಇವತ್ತಿನ ನಗು, ಮಾತು, ಪಕ್ಕಪಕ್ಕದ ನಡಿಗೆ ಎಲ್ಲ ಇಲ್ಲಿಗೇ ಮುಗಿಯಬಹುದು. ಆದರೂ ಬಾಯಿ ಸುಮ್ಮನಿರಲಿಲ್ಲ.

"ನಾನೂ ಒಗೆದಿದೀನಿ ಇದರ ಮೇಲೆ. ನಿಮ್ಮ ಪಂಚೆ, ನಿಮ್ಮ ಜುಬ್ಬಾನೇ. ಅಕ್ಷರ ಇರೋದು ನೋಡ್ದೆ. ನಿಮಗೆ ಹೇಳೋವಂಥದ್ದು ಅಂತ ಗೊತ್ತಾಗಲಿಲ್ಲ."

ಭದ್ರಮ್ಮ ಇವರ ಮುಖ ಅವರ ಮುಖ ನೋಡಿದಳು. ಮೇಷ್ಟ್ರು ಬಹಳ ಹೊತ್ತು ಕಲ್ಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕೌಸಲ್ಯಮ್ಮನಿಗೆ ಅಳು ಒತ್ತರಿಸಿ ಬಂತು.

"ಇಪ್ಪತ್ತು ವರ್ಷ ಊರೆಲ್ಲಾ ಕೇಳ್ದೆ" ಎಂದರು ಮೇಷ್ಟ್ರು ಕೊನೆಗೆ. "ಮನೇಲಿ ಒಂದು ಮಾತು ಕೇಳಲಿಲ್ಲ ನೋಡು. ಕೇಳಿದ್ದಿದ್ರೆ ಹೆಸರೂ ಉಳಿದಿರ್ತಿತ್ತೋ ಏನೋ. ತಪ್ಪು ನಂದೇ ಕಣೇ."

ಮೂವತ್ತನಾಲ್ಕು ವರ್ಷದಲ್ಲಿ ಅವರು ತಪ್ಪು ತನ್ನದು ಎಂದದ್ದು ಅದೇ ಮೊದಲು. ಕೌಸಲ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೆರಗಿನ ತುಂಬ ರಂಗೋಲಿ ಇತ್ತು, ಮುಖವೆಲ್ಲ ಬೆಳ್ಳಗಾಯಿತು. ಭದ್ರಮ್ಮ ಕಿಸಕ್ಕನೆ ನಕ್ಕಳು. ಅದಕ್ಕೆ ಮೇಷ್ಟ್ರೂ ನಕ್ಕರು.

ಎದ್ದು ನಿಂತು, ಜೇಬಿನಿಂದ ಪೆನ್ಸಿಲ್ಲು, ಡಾಕ್ಟರರ ಚೀಟಿ ಹೊರತೆಗೆದು, ಅದರ ಬೆನ್ನಿನ ಮೇಲೆ ಬರೆಯಲು ಸಿದ್ಧರಾದರು.

"ಬೇರೆ ಯಾರ ಹಿತ್ತಲಲ್ಲಿ ಇಂಥ ಕಲ್ಲು ನೋಡಿದೀಯಾ? ಜ್ಞಾಪಿಸ್ಕೊಂಡು ಹೇಳು."

ಕೌಸಲ್ಯಮ್ಮ ಕಣ್ಣು ಮುಚ್ಚಿದರು. ಊರಿನ ಹಿಂಬಾಗಿಲುಗಳೆಲ್ಲ ಸಾಲಾಗಿ ತೆರೆದುಕೊಂಡವು. "ತುಳಸಮ್ಮನ ಬಚ್ಚಲಿನ ಚಪ್ಪಡೀಲಿ ಒಂದು ಕುದುರೆ ಇದೆ. ಪುಟ್ಟಗಂಗಮ್ಮ ಹಸು ಕಟ್ಟೋ ಕಲ್ಲಿನ ಮೇಲೆ ಕತ್ತಿ ಹಿಡಿದೋನು ಇದಾನೆ. ಚಿಕ್ಕಮಾರಮ್ಮನ ಒರಳಿನ ಕೆಳಗೆ ನಾಲ್ಕು ಸಾಲು ಬರೆದಿದೆ, ಪೂರ್ತಿ ಇದೆ, ಅಳಿಸಿಲ್ಲ."

"ಪೂರ್ತಿ ಇದೆಯಾ?" ಮೇಷ್ಟ್ರು ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. "ಎಲ್ಲಿ ಅವಳ ಮನೆ?"

"ಇಲ್ಲೇ, ಹಿಂದಿನ ಬೀದಿ."

ಹನ್ನೆರಡು ಹೊಡೆದು ಎಷ್ಟೋ ಹೊತ್ತಾಗಿತ್ತು. ಊಟದ ಯೋಚನೆ ಇಬ್ಬರಿಗೂ ಇರಲಿಲ್ಲ. ಚಿಕ್ಕಮಾರಮ್ಮನ ಹಿತ್ತಲ ತಡಿಕೆಯ ಮುಂದೆ ಮೇಷ್ಟ್ರು ಸಂಕೋಚದಿಂದ ನಿಂತುಬಿಟ್ಟರು. ಪರಿಚಯವಿಲ್ಲದ ಮನೆ, ಅದೂ ಹಿಂಬಾಗಿಲು. ಒಳಗಿನಿಂದ, "ಯಾರದು?" ಎಂದು ಕೇಳಿಸಿತು.

ಕೌಸಲ್ಯಮ್ಮ ತಡಿಕೆ ಸರಿಸಿ, ಗಂಡನ ಜುಬ್ಬದ ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ನಾವಿಬ್ರು ಕಣೇ ಚಿಕ್ಕಮಾರಮ್ಮಾ!"